ಮನೆಗೊಂದು ಸಣ್ಣ ಕಂಪ್ಯೂಟರ್: ಬಿಡಿಭಾಗದ ಪಟ್ಟಿಗಿಂತ ಮೊದಲು ವ್ಯಾಟ್ ಲೆಕ್ಕ

ಕಂಪ್ಯೂಟರ್ ಜೋಡಿಸಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರ್ ಆರಿಸುವುದರಿಂದ ಶುರುಮಾಡುತ್ತಾರೆ. ಕೊಡಗಿನಲ್ಲಿ ಓದುವ ನಾವು ಗೋಡೆಯ ಪ್ಲಗ್‌ನಿಂದ ಶುರುಮಾಡಬೇಕು ಎಂದೇ ನನ್ನ ವಾದ. ಕಾಫಿ ಹೂ ಅರಳಿಸುವ ಹೂಮಳೆ ಸಮಯದ ಗುಡುಗು ಸಿಡಿಲು, ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಹೋಗುವ ಕರೆಂಟು, ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳಲ್ಲಿ ಗೋಡೆಗೂ ಬಟ್ಟೆಗೂ ಹಿಡಿಯುವ ಬೂಷ್ಟು. ಇವನ್ನು ತಾಳಿಕೊಳ್ಳದ ಯಂತ್ರ ಎಷ್ಟು ವೇಗದ್ದಾದರೂ ಪರೀಕ್ಷೆಯ ಹಿಂದಿನ ರಾತ್ರಿ ಕೈಕೊಡುತ್ತದೆ.

ಲೆಕ್ಕ ಹೀಗೆ. ಯುಪಿಎಸ್ ಅಂದರೆ ಕರೆಂಟ್ ಹೋದ ಕೂಡಲೇ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಪೆಟ್ಟಿಗೆ. ಅಂಗಡಿಯಲ್ಲಿ ಸಿಗುವ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್‌ನಿಂದ 600 ವ್ಯಾಟ್ ಸಿಗುವುದಿಲ್ಲ. ಹೆಚ್ಚಿನವು ಕೊಡುವುದು ಸುಮಾರು 360 ವ್ಯಾಟ್. ಅದೂ ಎಷ್ಟು ಹೊತ್ತು ಎಂಬುದು ಬ್ಯಾಟರಿಯ ಮೇಲೆ ನಿಂತಿದೆ. ಒಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. 12 × 7 = 84 ವ್ಯಾಟ್-ಅವರ್. ಡಿಸಿಯನ್ನು ಎಸಿಗೆ ಬದಲಿಸುವಾಗ ಒಂದಿಷ್ಟು ನಷ್ಟವಾಗುತ್ತದೆ. ಲೆಡ್-ಆ್ಯಸಿಡ್ ಬ್ಯಾಟರಿಯಿಂದ ವೇಗವಾಗಿ ಎಳೆದಷ್ಟೂ ಸಿಗುವ ಶಕ್ತಿ ಕಡಿಮೆ. ಹಾಗಾಗಿ ಕೈಗೆ ಸಿಗುವುದು 40 ವ್ಯಾಟ್-ಅವರ್ ಎಂದು ಹಿಡಿಯಿರಿ. ಮಾನಿಟರ್ ಸೇರಿ 60 ವ್ಯಾಟ್ ತಿನ್ನುವ ಯಂತ್ರಕ್ಕೆ ಸುಮಾರು 40 ನಿಮಿಷ. ಗ್ರಾಫಿಕ್ಸ್ ಕಾರ್ಡ್ ಹಾಕಿ 240 ವ್ಯಾಟ್ ಮಾಡಿಕೊಂಡರೆ 10 ನಿಮಿಷವೂ ಕಷ್ಟ.

ಮನೆಯಲ್ಲಿ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಸಂಜೆಯೆಲ್ಲ ನಿಶ್ಚಿಂತೆ. ಆದರೆ ಅದು ಗೋಡೆಯ ಕರೆಂಟಿನಂಥದೇ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಆಗಿರಲಿ, ಅದರಲ್ಲಿ ಬ್ಯಾಟರಿಗೆ ಬೇಗ ಬದಲಾಗುವ ಯುಪಿಎಸ್ ಮೋಡ್ ಇದ್ದರೆ ಆನ್ ಮಾಡಿಡಿ. ಕರೆಂಟ್ ಹೋದ ಮೇಲೆ ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರ್ ಬಲದಿಂದ ಹದಿನೈದಿಪ್ಪತ್ತು ಮಿಲಿಸೆಕೆಂಡ್ ಮಾತ್ರ ತಡೆಯಬಲ್ಲದು. ಇನ್ವರ್ಟರ್ ಅದಕ್ಕಿಂತ ನಿಧಾನವಾದರೆ ಫ್ಯಾನ್, ಲೈಟಿಗೆ ಏನೂ ಆಗದು, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ.

ಇಷ್ಟಾದ ಮೇಲೆ ಪ್ರೊಸೆಸರ್. ಒಳಗೇ ಗ್ರಾಫಿಕ್ಸ್ (ಪರದೆಗೆ ಚಿತ್ರ ಮೂಡಿಸುವ ಭಾಗ) ಇರುವುದನ್ನೇ ಆರಿಸಿ. 2021ರಲ್ಲಿ ಬಂದ ಎಎಂಡಿಯ ರೈಜೆನ್ 5 5600ಜಿ ನಮ್ಮ ಕೆಲಸಕ್ಕೆ ಇವತ್ತಿಗೂ ಧಾರಾಳ: 6 ಕೋರ್, 12 ಥ್ರೆಡ್. ಡಬ್ಬದ ಮೇಲೆ 65 ವ್ಯಾಟ್ ಎಂದಿದ್ದರೂ ಪೂರ್ತಿ ದುಡಿಯುವಾಗ 88ರವರೆಗೆ ಎಳೆಯುತ್ತದೆ. ಟೈಪಿಂಗ್, ಸಣ್ಣ ಪ್ರೋಗ್ರಾಂ, ವಿಡಿಯೊ ಪಾಠಗಳಿಗೆ ಅಷ್ಟು ಬೇಕಾಗುವುದೇ ಇಲ್ಲ. ಇಂಟೆಲ್‌ನ ಐ3-12100 ಕೂಡ ಸಾಕು. ಆದರೆ 12100ಎಫ್ ಬೇಡ. ಕೊನೆಯಲ್ಲಿ ಎಫ್ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಮೂಡದು.

ಇಂಥ ಪ್ರೊಸೆಸರ್ ಗ್ರಾಫಿಕ್ಸ್‌ಗೂ ರ‍್ಯಾಮ್ ಅನ್ನೇ ಬಳಸುತ್ತದೆ. ಆದ್ದರಿಂದ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಮೇಲು. ಎರಡು ಚಾನೆಲ್‌ಗಳಲ್ಲಿ ಡೇಟಾ ಓಡುತ್ತದೆ. ಎಸ್‌ಎಸ್‌ಡಿ (ಫೈಲುಗಳನ್ನು ಉಳಿಸಿಡುವ ಭಾಗ) 500 ಜಿಬಿ ಸಾಕು.

ಸಣ್ಣದು ಅಂದರೆ ಎಷ್ಟು ಸಣ್ಣದು? ಅದನ್ನು ತೀರ್ಮಾನಿಸುವುದು ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್‌ನ ಅಳತೆ. ಮಿನಿ-ಐಟಿಎಕ್ಸ್ ಬೋರ್ಡ್ 17 ಸೆಂ.ಮೀ. ಚೌಕ, ಮೈಕ್ರೊ-ಎಟಿಎಕ್ಸ್ 24.4 ಸೆಂ.ಮೀ. ಚಿಕ್ಕದಕ್ಕೇ ದುಡ್ಡು ಹೆಚ್ಚು, ಆಯ್ಕೆಯೂ ಕಡಿಮೆ. ನಾನು ಮೈಕ್ರೊ-ಎಟಿಎಕ್ಸ್ ಕಡೆಗೇ. ಖರ್ಚು ಇನ್ನೂ ಇಳಿಸಬೇಕೆಂದರೆ ಜೋಡಿಸುವ ಆಸೆ ಬಿಟ್ಟು, ಆಫೀಸುಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ನೋಡಿ. ಪುಸ್ತಕದಷ್ಟೇ ಗಾತ್ರ, ಹಲವು ಮಾದರಿಗಳಲ್ಲಿ 35 ವ್ಯಾಟ್ ಪ್ರೊಸೆಸರ್. ಇಂಟೆಲ್ 8ನೇ ತಲೆಮಾರು ಅಥವಾ ಅದರ ನಂತರದ್ದೇ ಇರಲಿ, ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಹಾಕುವವರಿಗೆ ಈ ತೊಂದರೆ ಇಲ್ಲ.

ದುಡ್ಡು ಉಳಿಸಬಾರದ ಜಾಗ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಬಿಟ್ಟು, ವಿದ್ಯುತ್ ನಷ್ಟ ಕಡಿಮೆ ಎಂದು ಸೂಚಿಸುವ 80 ಪ್ಲಸ್ ಗುರುತಿರುವ 450 ವ್ಯಾಟ್‌ನದನ್ನು ಕೊಳ್ಳಿ. ಪ್ಲಗ್‌ಗೆ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಒಳಗಿನ ಸಣ್ಣ ಅಂತರವನ್ನು ಸಿಡಿಲು ಸಲೀಸಾಗಿ ದಾಟುತ್ತದೆ; ಸದ್ದು ದೂರದಲ್ಲಿರುವಾಗಲೇ ಪ್ಲಗ್ ಕಿತ್ತಿಡಿ. ಫೈಬರ್ ಇಂಟರ್ನೆಟ್‌ನ ಗಾಜಿನ ಎಳೆ ವಿದ್ಯುತ್ ಹರಿಸುವುದಿಲ್ಲ, ನಿಜ. ಆದರೆ ರೂಟರ್‌ನ ಅಡಾಪ್ಟರ್ ಮೂಲಕ ಬಂದದ್ದು ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡ್ ಸೇರಬಹುದು. ಅದನ್ನೂ ಕೀಳಬೇಕು.

ತೇವಕ್ಕೆ ಒಳ್ಳೆಯ ಮದ್ದು ದಿನವೂ ಸ್ವಲ್ಪ ಹೊತ್ತು ಓಡಿಸುವುದು. ಆ ಬಿಸಿಗೆ ಒಳಗೆಲ್ಲ ಒಣಗುತ್ತದೆ. ಪ್ಲಾಸ್ಟಿಕ್ ಹೊದಿಸಬೇಡಿ, ತೇವ ಒಳಗೇ ಉಳಿಯುತ್ತದೆ.

ಕೊಳ್ಳಲು ಮೈಸೂರಿಗೆ ಹೋಗುವುದಾದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. ಬಸ್ಸು; ಬದಲಾಯಿಸಲು ಮತ್ತೆ ಹೋಗುವುದು ಸುಲಭವಲ್ಲ. 5600ಜಿ ತೆಗೆದುಕೊಳ್ಳುವವರು ಮದರ್‌ಬೋರ್ಡ್‌ನ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಯಾವ ಆವೃತ್ತಿಯದು ಎಂದು ಕೇಳಲೇಬೇಕು. ಹಳೆಯ ಬಯಾಸ್ ಇರುವ ಎಎಂ4 (ಈ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡ್‌ಗೆ ಈ ಪ್ರೊಸೆಸರಿನ ಗುರುತು ಸಿಗದು, ಯಂತ್ರ ಆನ್ ಆದರೂ ಪರದೆ ಕಪ್ಪಾಗಿಯೇ ಇರುತ್ತದೆ. ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿ, ಪರದೆಯಲ್ಲಿ ಪ್ರೊಸೆಸರಿನ ಹೆಸರು ಕಂಡ ಮೇಲೆ ಬಿಲ್ ಮಾಡಿಸಿ.