ನಡೆದಾಡುವ ಕುಂಬಳಬೀಜ

ಬಚ್ಚಲ ಗೋಡೆಯಲ್ಲಿ, ಬೀರುವಿನ ಹಿಂದೆ, ಜೇಡರ ಬಲೆ ಕಟ್ಟಿದ ಮೂಲೆಯ ಕೆಳಗೆ ಬೂದುಬಣ್ಣದ ಚಪ್ಪಟೆ ಬೀಜದಂಥದ್ದು ಅಂಟಿಕೊಂಡಿರುತ್ತದೆ. ಉದುರಿದ ಗಾರೆಯ ಚೂರೆಂದು ಪೊರಕೆ ಎತ್ತಿದರೆ, ಅದು ಮೆಲ್ಲಗೆ ಸರಿಯುತ್ತದೆ!

ಇದು ಫೆರಿಯೀಕಾ ಯುಟರೆಲ್ಲಾ ಎಂಬ ಪುಟ್ಟ ಪತಂಗದ ಮರಿಹುಳು. ಫೆರಿಯೀಕಾ ಎಂಬುದರ ಗ್ರೀಕ್ ಮೂಲಕ್ಕೆ ‘ಮನೆ ಹೊತ್ತವನು’ ಎಂಬರ್ಥ. ಹೆಸರಿಟ್ಟವರು ಸರಿಯಾಗಿಯೇ ನೋಡಿದ್ದಾರೆ.

ಆ ಮನೆಯ ಕಟ್ಟೋಣ ಸೊಗಸು. ಮೊಟ್ಟೆಯೊಡೆದು ಬಂದ ಹುಳು ಮೊದಲು ತನ್ನ ರೇಷ್ಮೆನೂಲಿಗೆ ಮರಳು, ಮಣ್ಣು, ನೂಲಿನ ಎಳೆಗಳನ್ನು ಅಂಟಿಸಿ ಒಂದು ಕಮಾನು ಕಟ್ಟುತ್ತದೆ. ಆಮೇಲೆ ಅದನ್ನೇ ಸುತ್ತ ಬೆಳೆಸಿ ಕೊಳವೆ ಮಾಡುತ್ತದೆ. ಒಳಗೆ ನುಣುಪಾದ ರೇಷ್ಮೆ, ಹೊರಗೆ ನಮ್ಮ ಮನೆಯದೇ ಧೂಳು. ಹಾಗಾಗಿ ಗೋಡೆಯ ಮೇಲೆ ಅದು ಸುಲಭಕ್ಕೆ ಕಣ್ಣಿಗೆ ಬೀಳದು. ಹುಳು ಬೆಳೆದಂತೆ ಚೀಲವೂ ಹಿಗ್ಗಿ, ಕೊನೆಗೆ 8ರಿಂದ 14 ಮಿ.ಮೀ. ಉದ್ದವಾಗುತ್ತದೆ. ಎರಡು ತುದಿಗೂ ಬಾಗಿಲು. ನಡು ಮಾತ್ರ ಅಗಲ. ಹುಳು ಒಳಗೇ ತಿರುಗಿ, ಬೇಕಾದ ಬಾಗಿಲಿನಿಂದ ತಲೆ ಹಾಕಬೇಕಲ್ಲ, ಅದಕ್ಕೆ. ಮುಂಗಾಲುಗಳಲ್ಲಿ ನಡೆಯುತ್ತ ಹಿಂದಿನ ಕಾಲುಗಳಿಂದ ಚೀಲವನ್ನು ಎಳೆದೊಯ್ಯುತ್ತದೆ.

ಗೋಡೆ ತಿನ್ನುತ್ತದೆಂಬುದು ಸುಳ್ಳು. ಇದರ ಊಟ ಹಳೆಯ ಜೇಡರ ಬಲೆ, ಉದುರಿದ ಕೂದಲು, ಸತ್ತ ಕೀಟ. ಉಣ್ಣೆಯನ್ನೂ ಬಿಡದು, ಹತ್ತಿ ಬಟ್ಟೆ ಮಾತ್ರ ಇದಕ್ಕೆ ಒಗ್ಗದು. ತೇವವಿದ್ದರೆ ಇನ್ನೂ ಹಿತ. ಬಲೆ ಹೊಡೆದು ಗುಡಿಸಿದರೆ ಸಾಕು, ಔಷಧಿ ಡಬ್ಬಿ ಬೇಕಿಲ್ಲ.

ಗುರುತು ಹಿಡಿಯುವುದು ಚೀಲದಿಂದಲೇ ಸುಲಭ. ಉಣ್ಣೆಬಟ್ಟೆ ಕೊರೆಯುವ ಟೀನಿಯಾ ಪೆಲಿಯೊನೆಲ್ಲಾ ಎಂಬ ಪತಂಗದ ಮರಿಯೂ ಚೀಲ ಹೊರುತ್ತದೆ, ಆದರೆ ಅದು ಕುಂಬಳಬೀಜದಂತೆ ಚಪ್ಪಟೆಯಲ್ಲ, ಸಪೂರ ಕೊಳವೆ. ಪತಂಗವನ್ನೇ ನೋಡಿ ಹೇಳಹೊರಟರೆ ಕಷ್ಟ: ರೆಕ್ಕೆ ಹರಡಿದರೆ 7ರಿಂದ 13 ಮಿ.ಮೀ., ಬೂದುಬಣ್ಣ, ಮುಂದಿನ ರೆಕ್ಕೆಯಲ್ಲಿ ಕೆಲವು ಕಪ್ಪುಚುಕ್ಕೆ. ಹತ್ತಿರದ ಜಾತಿಗಳೂ ಹೀಗೇ ಇರುವುದರಿಂದ ಖಚಿತವಾಗಿ ಹೇಳಲು ತಜ್ಞರು ಜನನಾಂಗಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಾರೆ.

ಹೆಣ್ಣು ಬಿರುಕುಗಳಲ್ಲಿ ಸುಮಾರು 200 ಮೊಟ್ಟೆಗಳನ್ನು ಅಂಟಿಸುತ್ತದೆ. ಹುಳುವಿನ ಕಾಲ ಸುಮಾರು 50 ದಿನ, ಕೋಶದ್ದು ಎರಡು ವಾರಕ್ಕೆ ತುಸು ಹೆಚ್ಚು. ರೆಕ್ಕೆ ಬಂದ ಮೇಲೆ ಅದು ಏನೂ ತಿನ್ನುವುದಿಲ್ಲ. ಉಳಿದಿರುವುದು ಕೆಲವೇ ದಿನ.

ಕೋಶವಾಗುವ ಮುಂಚೆ ಹುಳು ಚೀಲವನ್ನು ಗೋಡೆಗೆ ಬಿಗಿದು, ಒಂದು ತುದಿಯಲ್ಲಿ ಸಣ್ಣಗೆ ಸೀಳಿಡುತ್ತದೆ. ಆ ಸೀಳಿನಿಂದ ಅರ್ಧ ಹೊರಚಾಚಿದ ಕೋಶದ ಸಿಪ್ಪೆ ಕಂಡರೆ, ಮನೆಯವನು ಖಾಲಿ ಮಾಡಿ ಹೋಗಿದ್ದಾನೆ ಎಂದೇ.