ಕೆಲಸ ಮುಂದೂಡುವವರ ಸಂಕಟ

ಪರೀಕ್ಷೆಯ ಓದನ್ನು ಕೊನೆಯ ವಾರಕ್ಕೆ ಬಿಡುವುದು, ಕರೆಂಟ್ ಬಿಲ್ಲನ್ನು ಕೊನೆಯ ದಿನದವರೆಗೆ ಕಟ್ಟದೇ ಇರುವುದು ಎಲ್ಲರ ಮನೆಯಲ್ಲೂ ನಡೆಯುವಂಥದ್ದು. ಅದನ್ನು ಯಾರೂ ಕಾಯಿಲೆಯ ಸೂಚನೆ ಎಂದು ನೋಡಬೇಕಾಗಿಲ್ಲ. ಮನೋವಿಜ್ಞಾನಿಗಳ ಗಮನ ಇರುವುದು ಓದು, ನೌಕರಿ, ಹಣಕಾಸು, ಆರೋಗ್ಯ ತಪಾಸಣೆ ಎನ್ನದೆ ಬದುಕಿನ ಹಲವು ಕಡೆಗಳಲ್ಲಿ, ವರ್ಷಗಟ್ಟಲೆ, ನಷ್ಟ ತಮಗೇ ಎಂದು ಚೆನ್ನಾಗಿ ಗೊತ್ತಿದ್ದೂ ಕೆಲಸವನ್ನು ಮುಂದೂಡುತ್ತಲೇ ಹೋಗುವವರ ಮೇಲೆ. ಷಿಕಾಗೊದ ಡೀಪಾಲ್ ವಿಶ್ವವಿದ್ಯಾಲಯದ ಜೋಸೆಫ್ ಫೆರಾರಿ ಮತ್ತು ಸಹೋದ್ಯೋಗಿಗಳು ಬೇರೆ ಬೇರೆ ದೇಶಗಳಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ವಯಸ್ಕರ ಪೈಕಿ ಶೇ 20ರಷ್ಟು ಮಂದಿಗೆ ಈ ದೀರ್ಘಕಾಲದ ಚಾಳಿ ಇರುವುದು ಕಂಡುಬಂದಿದೆ. ಇವರಿಗೆ ಮನೆಯಲ್ಲಿ ಸಿಗುವ ಹೆಸರು ಸೋಮಾರಿ. 'ಆಲಸ್ಯಂ ಅಮೃತಂ ವಿಷಂ' ಎಂಬ ಮಾತನ್ನು ಇವರಷ್ಟು ಸಲ ಕೇಳಿಸಿಕೊಂಡವರು ಬಹುಶಃ ಬೇರೆ ಯಾರೂ ಇರಲಾರರು.

ಆದರೆ ಸೋಮಾರಿಗೆ ಕೆಲಸ ಬಿಟ್ಟು ಕುಳಿತಾಗ ನೆಮ್ಮದಿ ಇರುತ್ತದೆ, ಇವರಿಗೆ ಅದೂ ಇರುವುದಿಲ್ಲ. ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯವನ್ನು ತಿದ್ದಿ ಕೊಡಬೇಕಾದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಸಂಜೆಯನ್ನು ಕಲ್ಪಿಸಿಕೊಳ್ಳಿ. ಅವಳು ಲ್ಯಾಪ್‌ಟಾಪ್ ತೆರೆಯುತ್ತಾಳೆ. ಮಾರ್ಗದರ್ಶಕರು ಅಂಚಿನಲ್ಲಿ ಬರೆದ 'ಇದಕ್ಕೆ ಆಧಾರವೇನು?' ಎಂಬ ಪ್ರಶ್ನೆ ಕಣ್ಣಿಗೆ ಬೀಳುತ್ತದೆ. ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. 'ನನ್ನ ಕೈಲಿ ಇದು ಆಗುವುದಿಲ್ಲ, ಎಲ್ಲರಿಗೂ ಈಗ ಗೊತ್ತಾಗಿಬಿಡುತ್ತದೆ' ಎಂಬ ಯೋಚನೆ ಮಿಂಚಿ ಮಾಯವಾಗುತ್ತದೆ. ಆಗಲೇ ಅಡುಗೆಮನೆಯಲ್ಲಿ ತೊಳೆಯದೆ ಬಿಟ್ಟ ಪಾತ್ರೆಗಳು ನೆನಪಾಗುತ್ತವೆ. ಅವಳು ಎದ್ದು ಹೋಗಿ ಅವನ್ನೆಲ್ಲ ತೊಳೆದು, ಕಟ್ಟೆ ಒರೆಸಿ, ಮಸಾಲೆ ಡಬ್ಬಿಗಳನ್ನೂ ಜೋಡಿಸಿಡುತ್ತಾಳೆ. ಮೈಗಳ್ಳತನ ಇದ್ದಿದ್ದರೆ ಒಂದು ಗಂಟೆ ನಿಂತು ಇಷ್ಟು ದುಡಿಯುವುದು ಸಾಧ್ಯವಿರಲಿಲ್ಲ. ಅವಳು ತಪ್ಪಿಸಿಕೊಂಡದ್ದು ಆ ಪ್ರಶ್ನೆ ಎಬ್ಬಿಸಿದ ಭಾವನೆಯಿಂದ. ಎದ್ದ ಕೂಡಲೇ ಆ ಹಿಂಡುವಿಕೆ ನಿಂತಿತು. ತಪ್ಪಿಸಿಕೊಂಡರೆ ಹಾಯೆನಿಸುತ್ತದೆ ಎಂಬುದನ್ನು ಮಿದುಳು ಕಲಿಯುವುದು ಹೀಗೆ, ಮರುದಿನ ಅದೇ ಕಡತದ ಮುಂದೆ ಕುಳಿತಾಗ ಎದ್ದುಹೋಗುವ ಸೆಳೆತ ಇನ್ನಷ್ಟು ಬಲವಾಗಿರುತ್ತದೆ.

ಕೆನಡಾದ ಒಟ್ಟಾವಾದಲ್ಲಿರುವ ಕಾರ್ಲ್‌ಟನ್ ವಿಶ್ವವಿದ್ಯಾಲಯದ ತಿಮೊತಿ ಪಿಚಿಲ್ ಮತ್ತು ಅವರೊಡನೆ ಕೆಲಸ ಮಾಡಿದ ಫ್ಯೂಷಾ ಸಿರೊಯಿಸ್ 2013ರಲ್ಲಿ ಮಂಡಿಸಿದ ವಿವರಣೆಯ ಸಾರ ಇದೇ: ಮುಂದೂಡುವವರ ತೊಡಕು ವೇಳೆಯನ್ನು ನಿಭಾಯಿಸುವುದರಲ್ಲಿಲ್ಲ, ಆ ಕ್ಷಣದ ಮನಃಸ್ಥಿತಿಯನ್ನು ನಿಭಾಯಿಸುವುದರಲ್ಲಿದೆ. ಇದಕ್ಕೆ ದಾರಿ ಮಾಡಿಕೊಟ್ಟ ಒಂದು ಪ್ರಯೋಗವನ್ನು ಅಮೆರಿಕದ ಡಯಾನ್ ಟೈಸ್, ರಾಯ್ ಬಾಮೈಸ್ಟರ್ ಮತ್ತು ಎಲೆನ್ ಬ್ರಾಟ್‌ಸ್ಲಾವ್‌ಸ್ಕಿ 2001ರಲ್ಲಿ ಪ್ರಕಟಿಸಿದ್ದರು. ಗಣಿತದ ಪರೀಕ್ಷೆಗೆ ಅಭ್ಯಾಸ ಮಾಡಬೇಕಾಗಿದ್ದ ವಿದ್ಯಾರ್ಥಿಗಳ ಮನಸ್ಸನ್ನು ಬೇಸರಗೊಳಿಸಿ, ಅವರಲ್ಲಿ ಕೆಲವರಿಗೆ ಮಾತ್ರ ಈ ಬೇಸರ ಸ್ವಲ್ಪ ಹೊತ್ತು ಏನು ಮಾಡಿದರೂ ಬದಲಾಗುವುದಿಲ್ಲ ಎಂದು ನಂಬಿಸಲಾಯಿತು. ಕೊಠಡಿಯಲ್ಲಿ ಆಟದ ಸಾಮಗ್ರಿಗಳೂ ಇದ್ದವು. ಮನಸ್ಸು ಹಗುರವಾಗಬಹುದು ಎಂದುಕೊಂಡವರು ಅಭ್ಯಾಸ ಬಿಟ್ಟು ಆಟಕ್ಕೆ ಇಳಿದರು. ಬದಲಾಗದು ಎಂದು ನಂಬಿದವರಲ್ಲಿ ಈ ಕಾಲಹರಣ ಅಷ್ಟು ಕಾಣಲಿಲ್ಲ. ಬೇಸರ ಇಬ್ಬರಿಗೂ ಒಂದೇ ಆಗಿತ್ತು. ಅದನ್ನು ಕಳೆದುಕೊಳ್ಳುವ ಆಸೆ ಇದ್ದವರು ಮಾತ್ರ ಕೆಲಸ ಮುಂದೂಡಿದರು. ನನಗೆ ಈ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಸಾಕ್ಷ್ಯ ಇನ್ನೊಂದು ಕಾಣುವುದಿಲ್ಲ.

ಮಿದುಳಿನ ಚಿತ್ರಗಳಲ್ಲೂ ಇದಕ್ಕೆ ಹೊಂದುವ ಸುಳಿವುಗಳಿವೆ. ಜರ್ಮನಿಯ ರೂರ್ ಬೋಹುಮ್ ವಿಶ್ವವಿದ್ಯಾಲಯದ ತಂಡವೊಂದು 264 ಮಂದಿಯನ್ನು ಸ್ಕ್ಯಾನ್ ಮಾಡಿ 2018ರಲ್ಲಿ ವರದಿ ಮಾಡಿದ ಪ್ರಕಾರ, ಕೆಲಸ ಆರಂಭಿಸಲು ತಡವರಿಸುವವರಲ್ಲಿ ಅಪಾಯದ ಎಚ್ಚರಿಕೆ ಕೊಡುವ ಅಮಿಗ್ಡಲಾ ಗಾತ್ರದಲ್ಲಿ ದೊಡ್ಡದಾಗಿತ್ತು, ಆ ಎಚ್ಚರಿಕೆಯನ್ನು ತೂಗಿ ನೋಡಿ ಮುಂದಿನ ಹೆಜ್ಜೆಯನ್ನು ಆಯ್ಕೆಮಾಡಲು ನೆರವಾಗುವ ಮುಂಭಾಗದೊಂದಿಗೆ ಅದರ ಸಂಪರ್ಕ ದುರ್ಬಲವಾಗಿತ್ತು. ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಇಂಥ ಚಿತ್ರಗಳು ಹೇಳಲಾರವು.

ಮುಂದೂಡುವಿಕೆ ಸ್ವತಃ ಒಂದು ಮನೋರೋಗ ಎಂದು ವೈದ್ಯಕೀಯದ ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ಪಟ್ಟಿಯಲ್ಲಿರುವ ಹಲವು ರೋಗಗಳು ಹೊರಗೆ ಕಾಣಿಸಿಕೊಳ್ಳುವುದು ಈ ರೂಪದಲ್ಲೇ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರಹದ ತಡ, ಒಳಗಿನ ಬೇರುಗಳು ಮಾತ್ರ ಬೇರೆ ಬೇರೆ. ಖಿನ್ನತೆಯಲ್ಲಿ ಭಯಕ್ಕಿಂತ ಮಿಗಿಲಾಗಿ ನಿರಾಸಕ್ತಿ ಇರುತ್ತದೆ. ಕೆಲಸ ಮುಗಿದರೆ ಸಂತೋಷವಾಗುತ್ತದೆ ಎಂಬ ನಿರೀಕ್ಷೆಯೇ ಸತ್ತುಹೋಗಿರುವುದರಿಂದ ಎದ್ದು ಸ್ನಾನ ಮಾಡುವುದೂ ಬೆಟ್ಟ ಹತ್ತಿದಷ್ಟು ಭಾರವಾಗುತ್ತದೆ. ಗಮನ ನಿಲ್ಲದಿರುವುದು, ಸಣ್ಣ ನಿರ್ಧಾರವನ್ನೂ ತೆಗೆದುಕೊಳ್ಳಲಾಗದಿರುವುದು ಆ ರೋಗದ ಲಕ್ಷಣಗಳಲ್ಲೇ ಸೇರಿವೆ. ಆತಂಕ ಇರುವವರದು ಇದಕ್ಕೆ ವಿರುದ್ಧ, ಅವರಿಗೆ ಕೆಲಸದ ಮಹತ್ವ ಅತಿಯಾಗಿ ತಟ್ಟುತ್ತದೆ. ಆಸ್ಪತ್ರೆಯ ವರದಿಯನ್ನು ತೆರೆಯದೆ ಇಡುವವರು, ಬ್ಯಾಂಕಿನ ನೋಟಿಸನ್ನು ಬೀರುವಿನೊಳಗೆ ತಳ್ಳುವವರು ಅದನ್ನು ಮರೆತವರಲ್ಲ.

ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವವರ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕೆನಡಾದ ಪಾಲ್ ಹ್ಯೂಯಿಟ್ ಮತ್ತು ಗಾರ್ಡನ್ ಫ್ಲೆಟ್ ಪರಿಪೂರ್ಣತೆಯ ಹಂಬಲವನ್ನು ವಿಂಗಡಿಸಿ ನೋಡಿದಾಗ, ತಾನೇ ತನಗೆ ಎತ್ತರದ ಗುರಿ ಇಟ್ಟುಕೊಂಡವರಿಗಿಂತ, 'ಕೊಂಚ ತಪ್ಪಿದರೂ ಉಳಿದವರು ನನ್ನನ್ನು ಒಪ್ಪುವುದಿಲ್ಲ' ಎಂದು ನಂಬಿದವರಲ್ಲಿ ಮುಂದೂಡುವಿಕೆಯ ನಂಟು ಹೆಚ್ಚು ಕಂಡಿತು. ಅಂಕಪಟ್ಟಿ ಹಿಡಿದು ಮನೆಗೆ ಬಂದ ಮಗುವಿಗೆ ಕಳೆದುಹೋದ ಎರಡು ಅಂಕಗಳ ಲೆಕ್ಕವನ್ನೇ ಮೊದಲು ಕೇಳುವ ನಮ್ಮ ಅಭ್ಯಾಸ ಈ ನಂಬಿಕೆಗೆ ಎಷ್ಟು ನೀರೆರೆಯುತ್ತದೆ ಎಂಬುದನ್ನು ತಂದೆತಾಯಂದಿರೂ ಶಿಕ್ಷಕರೂ ಯೋಚಿಸಬೇಕು.

ಗಮನ ನಿಲ್ಲದಿರುವ, ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿಯ ಕಥೆಯೇ ಬೇರೆ. ಅಲ್ಲಿ ಭಾವನೆಯ ಜೊತೆಗೆ ಯೋಜನೆ ಹಾಕುವ, ಗಮನವನ್ನು ಹಿಡಿದಿಡುವ, ಕಾಲವನ್ನು ಅಂದಾಜು ಮಾಡುವ ಸಾಮರ್ಥ್ಯವೇ ಕುಂಟುತ್ತದೆ. ಮುಂದಿನ ತಿಂಗಳ ಗಡುವು ಅವರ ಮಟ್ಟಿಗೆ ಇಲ್ಲದ್ದಕ್ಕೆ ಸಮಾನ, ಹಿಂದಿನ ರಾತ್ರಿ ಮಾತ್ರ ಅದಕ್ಕೆ ಜೀವ ಬರುತ್ತದೆ. ಇದರ ಲಕ್ಷಣಗಳು ಬಾಲ್ಯದಿಂದಲೇ ಇರುತ್ತವೆಯಾದರೂ, ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಯಾರೂ ಗುರುತಿಸದೆ ಬಿಟ್ಟು, ನೌಕರಿಗೆ ಸೇರಿದ ಮೇಲೆ ಇದು ಬಯಲಾಗುವುದುಂಟು.

ಇಲ್ಲಿರುವ ಕಾರಣ ಪರಿಣಾಮಗಳ ನಂಟು ಒಂದೇ ದಿಕ್ಕಿನದಲ್ಲ. ಸ್ಟಾಕ್‌ಹೋಮ್ ಪ್ರದೇಶ ಮತ್ತು ಒರೆಬ್ರೊ ನಗರದ ಎಂಟು ವಿಶ್ವವಿದ್ಯಾಲಯಗಳ 3,525 ವಿದ್ಯಾರ್ಥಿಗಳನ್ನು ಅನುಸರಿಸಿದ ಸ್ವೀಡನ್ನಿನ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಮುಂದೂಡುವ ಚಾಳಿ ಹೆಚ್ಚಿದ್ದವರಲ್ಲಿ ಒಂಬತ್ತು ತಿಂಗಳ ಬಳಿಕ ಖಿನ್ನತೆ, ಆತಂಕ, ಒತ್ತಡ, ಕಳಪೆ ನಿದ್ರೆ ಮತ್ತು ಒಂಟಿತನ ತುಸು ಹೆಚ್ಚಾಗಿಯೇ ಕಂಡವು. ಖಿನ್ನತೆ ಕೆಲಸವನ್ನು ನಿಲ್ಲಿಸುತ್ತದೆ, ನಿಂತ ಕೆಲಸ ನಾಚಿಕೆಯನ್ನು ತರುತ್ತದೆ, ಆ ನಾಚಿಕೆಯಿಂದಲೂ ತಪ್ಪಿಸಿಕೊಳ್ಳಬೇಕಾಗುತ್ತದೆ. ಬೈಗುಳ ಕೆಲಸಕ್ಕೆ ಬಾರದಿರುವುದು ಇದರಿಂದಲೇ: ಯಾವ ಭಾವನೆಯಿಂದ ಆತ ಓಡುತ್ತಿದ್ದಾನೋ ಅದನ್ನೇ ಅದು ಇಮ್ಮಡಿಗೊಳಿಸುತ್ತದೆ. ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲೇ ಮೊದಲ ವರ್ಷದ 119 ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಓದುವುದನ್ನು ಅಷ್ಟಾಗಿ ಮುಂದೂಡಲಿಲ್ಲ.

ಬೇರು ಯಾವುದೆಂದು ತಿಳಿಯದೆ ವೇಳಾಪಟ್ಟಿ ಹಾಕಿಕೊಟ್ಟರೆ ಅದೂ ಮುರಿದ ಇನ್ನೊಂದು ಮಾತಾಗಿ ಉಳಿಯುತ್ತದೆ. ಖಿನ್ನತೆಗೆ ಔಷಧದ ಜೊತೆಗೋ ಅದಿಲ್ಲದೆಯೋ, ಮನಸ್ಸು ಸರಿಹೋಗಲೆಂದು ಕಾಯದೆ ಅತಿ ಸಣ್ಣ ಚಟುವಟಿಕೆಗಳಿಂದ ಆರಂಭಿಸುವ ಚಿಕಿತ್ಸೆ ಇದೆ. ಆತಂಕಕ್ಕೆ ಭಯಪಡುವ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ. ಎಡಿಎಚ್‌ಡಿಗೆ ಪರಿಣಾಮಕಾರಿ ಔಷಧಗಳಿವೆ. ಥೈರಾಯ್ಡ್ ಕೊರತೆ, ರಕ್ತಹೀನತೆಗಳಿಂದಲೂ ಇಂಥದೇ ನಿಶ್ಶಕ್ತಿ ಬರುವುದರಿಂದ ರಕ್ತಪರೀಕ್ಷೆಯನ್ನು ಮರೆಯುವಂತಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಮುಂದೆ ಕುಳಿತಾಗ 'ನಾನು ಸೋಮಾರಿ' ಎಂದು ಶುರು ಮಾಡಬೇಕಾಗಿಲ್ಲ. ಯಾವ ಕೆಲಸಗಳು ನಿಂತಿವೆ, ಎಂದಿನಿಂದ, ಶಾಲೆಯ ದಿನಗಳಲ್ಲೂ ಹೀಗೇ ಇತ್ತೇ, ನಿದ್ರೆ ಮತ್ತು ಹಸಿವು ಹೇಗಿವೆ, ಆ ಕೆಲಸಕ್ಕೆ ಕುಳಿತ ಮೊದಲ ನಿಮಿಷದಲ್ಲಿ ಮನಸ್ಸಿಗೆ ಬರುವ ಯೋಚನೆ ಯಾವುದು ಎಂಬಿಷ್ಟನ್ನು ಹೇಳಿದರೆ, ಖಿನ್ನತೆಯನ್ನೂ ಆತಂಕವನ್ನೂ ಎಡಿಎಚ್‌ಡಿಯನ್ನೂ ಬೇರ್ಪಡಿಸಿ ನೋಡಲು ಅವರಿಗೆ ಅದರಿಂದಲೇ ದಾರಿ ಸಿಗುತ್ತದೆ.