ರಾಜಾಸೀಟ್ ಉದ್ಯಾನ ಅರಸರ ಕಾಲದ್ದೇ?

ಪ್ರಶ್ನೆ: ಮಡಿಕೇರಿಯ ರಾಜಾಸೀಟ್ ಉದ್ಯಾನವನ್ನು ಕೊಡಗಿನ ಅರಸರೇ ಮಾಡಿಸಿದರೇ?

ಉತ್ತರ: ಅರಸರ ನೆನಪಿಗೆ ಸೇರಿದ್ದು ಅಲ್ಲಿನ ಮಂಟಪ ಮತ್ತು ಅದು ನಿಂತಿರುವ ದಿಬ್ಬದ ಅಂಚು. ಹುಲ್ಲುಹಾಸು, ಹೂವಿನ ಮಡಿಗಳು, ಸಂಗೀತ ಕಾರಂಜಿ, ಮಕ್ಕಳ ಪುಟಾಣಿ ರೈಲು ಇವೆಲ್ಲ ನಮ್ಮ ಕಾಲದಲ್ಲಿ ಸೇರಿಕೊಂಡವು. ಈಗ ಈ ಉದ್ಯಾನದ ನಿರ್ವಹಣೆ ತೋಟಗಾರಿಕೆ ಇಲಾಖೆಯದು. ಇಲಾಖೆಯ ಫಲಪುಷ್ಪ ಪ್ರದರ್ಶನವೂ ಇಲ್ಲಿಯೇ ನಡೆಯುತ್ತದೆ.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಮಡಿಕೇರಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಮೇಲೆ ಆಡಳಿತವೆಲ್ಲ ಕೋಟೆಯೊಳಗಿಂದ ನಡೆಯಿತು. ಎತ್ತರದ ಗೋಡೆಗಳ ನಡುವೆ ಇದ್ದ ಅರಮನೆಗೆ ಇಲ್ಲದ ಪಶ್ಚಿಮದ ಬಯಲುನೋಟ ಈ ದಿಬ್ಬಕ್ಕಿತ್ತು. ಅರಸರು ರಾಣಿಯರೊಡನೆ ಇಲ್ಲಿಗೆ ಬಂದು ಸೂರ್ಯಾಸ್ತ ನೋಡುತ್ತಿದ್ದರೆಂದು ಊರಿನಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ, ಹೆಸರಿಗೂ ಅದೇ ಆಧಾರ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರೂ ಈ ಜಾಗ ಜನರ ಬಾಯಲ್ಲಿ ರಾಜನದಾಗಿಯೇ ಉಳಿಯಿತು.

ಮಂಟಪ ಅರಮನೆಯ ವೈಭವದ್ದಲ್ಲ. ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ, ನಾಲ್ಕು ಕಂಬಗಳನ್ನು ಕಮಾನುಗಳು ಜೋಡಿಸಿರುವ ಚಿಕ್ಕ ಚೌಕಾಕಾರದ ಕಟ್ಟಡ ಅದು. ಕಮಾನಿನಡಿ ನಿಂತರೆ ನೆಲ ಒಮ್ಮೆಗೇ ಕೆಳಗಿಳಿದು, ಕಣಿವೆಯ ಗದ್ದೆಗಳು, ಮಂಗಳೂರಿನತ್ತ ಬಳಸಿಕೊಂಡು ಸಾಗುವ ರಸ್ತೆ, ಅದರಾಚೆ ಒಂದರ ಹಿಂದೊಂದು ಬೆಟ್ಟಸಾಲು ಕಾಣುತ್ತವೆ. ಮಳೆಗಾಲದಲ್ಲಿ ಮಂಜು ಕವಿದರೆ ನಾಲ್ಕು ಮಾರು ಆಚೆಯದೂ ಕಾಣದು. ಕಟ್ಟಿದವರು ಅಲಂಕಾರಕ್ಕಿಂತ ನೋಟಕ್ಕೆ ಬೆಲೆ ಕೊಟ್ಟರೆಂಬುದು ಅಲ್ಲಿ ನಿಂತವರಿಗೆಲ್ಲ ತಿಳಿಯುತ್ತದೆ. ಆದ್ದರಿಂದ ಉದ್ಯಾನದಲ್ಲಿ ಏನನ್ನೇ ಹೊಸದಾಗಿ ಕಟ್ಟುವುದಿದ್ದರೂ ಅದು ಮಂಟಪಕ್ಕಿಂತ ತಗ್ಗಿರಬೇಕು, ಪಶ್ಚಿಮ ದಿಕ್ಕಿಗೆ ಅಡ್ಡ ಬರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೂಗಿಡಗಳನ್ನು ಮತ್ತೆ ನೆಡಬಹುದು, ಮುಚ್ಚಿಹೋದ ನೋಟವನ್ನು ತೆರೆಯುವುದು ಸುಲಭವಲ್ಲ. ಕಡಿದಾದ ಇಳಿಜಾರಿನ ಮಣ್ಣನ್ನು ಕೆದಕಿದರೆ ಏನಾಗುತ್ತದೆ ಎಂಬುದನ್ನೂ 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಕೊಡಗಿನವರಿಗೆ ವಿವರಿಸಬೇಕಾಗಿಲ್ಲ.

ಕಾಲ ಖಚಿತವಾಗಿ ಗೊತ್ತಿರುವ ಅರಸರ ಕಟ್ಟಡಗಳನ್ನೇ ನೋಡಬೇಕೆನ್ನುವವರು ಲಿಂಗರಾಜೇಂದ್ರನು 1812ರಿಂದ 1814ರ ನಡುವೆ ಕೋಟೆಯೊಳಗೆ ಕಟ್ಟಿಸಿದ ಅರಮನೆಗೂ, ಅವನೇ 1820ರಲ್ಲಿ ಪೂರ್ಣಗೊಳಿಸಿದ ಓಂಕಾರೇಶ್ವರ ದೇವಾಲಯಕ್ಕೂ ಹೋಗಬಹುದು. ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿಗಳಿರುವ ಗದ್ದಿಗೆಯೂ ಇದೇ ಪಟ್ಟಣದಲ್ಲಿದೆ.